ಯಾನವೂ ಪರಿಗ್ರಹವೇ

ಕಬ್ಬಿನ ಹಂಗಾಮಿನಲ್ಲಿ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಯ ರಸ್ತೆಗಳು ಕಬ್ಬು ಹೇರಿದ ಟ್ರ್ಯಾಕ್ಟರುಗಳಿಂದ ತುಂಬಿರುತ್ತವೆ. ಅವುಗಳ ನಡುವೆ ಕೋಟಿ ಬೆಲೆಯ ಸ್ಪೋರ್ಟ್ಸ್ ಕಾರೊಂದು ಗರ್ಜಿಸುತ್ತ ಬಂದರೆ ಮಗ್ಗದ ಮೇಲಿನ ಕೈಯೂ ಕ್ಷಣಕಾಲ ನಿಲ್ಲುತ್ತದೆ. ಅದರ ಒಡೆಯನು ಶ್ರಾವಕನಾಗಿದ್ದರೆ ಅವನಿಗೆ ದೋಷವುಂಟೇ?

ಗೃಹಸ್ಥನಿಗೆ ಜಿನಧರ್ಮವು ಸರ್ವಸಂಗ ಪರಿತ್ಯಾಗವನ್ನು ವಿಧಿಸಿಲ್ಲ. ಪರಿಗ್ರಹ ಪರಿಮಾಣವನ್ನು ವಿಧಿಸಿದೆ. ಕ್ಷೇತ್ರ, ವಾಸ್ತು, ಧನ, ಧಾನ್ಯ ಮೊದಲಾಗಿ ಎಣಿಸುವ ಹತ್ತು ಬಾಹ್ಯ ಪರಿಗ್ರಹಗಳಲ್ಲಿ ಯಾನವೂ ಒಂದು. ಕ್ಷೇತ್ರ, ವಾಸ್ತುಗಳ ಅನಿತ್ಯತೆಯನ್ನು ಆಲಮಟ್ಟಿಯ ಹಿನ್ನೀರಿಗೆ ಹೊಲಮನೆ ಬಿಟ್ಟುಕೊಟ್ಟ ಬೀಳಗಿ ಸೀಮೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಯಾನದ ಗತಿಯೂ ಅಷ್ಟೇ.

ಉಮಾಸ್ವಾಮಿಗಳು ತತ್ವಾರ್ಥಸೂತ್ರದಲ್ಲಿ ಮೂರ್ಛೆಯನ್ನೇ, ಅಂದರೆ ಮಮಕಾರವನ್ನೇ, ಪರಿಗ್ರಹವೆಂದು ನಿರೂಪಿಸಿದ್ದಾರೆ. ಇದನ್ನು ನೆಪ ಮಾಡಿಕೊಂಡು ‘ಕಾರಿದೆ, ಮೋಹವಿಲ್ಲ’ ಎನ್ನುವವರುಂಟು. ಕಾರಿಗೆ ಗೀರು ಬಿದ್ದ ದಿನ ಊಟ ಸೇರದಿದ್ದರೆ ಮೋಹ ಎಷ್ಟಿತ್ತೆಂಬುದು ತಾನೇ ತಿಳಿಯುತ್ತದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತದ ಐದು ಅತಿಚಾರಗಳನ್ನು ಹೇಳುವಾಗ ಅತಿವಾಹನವನ್ನೂ ವಿಸ್ಮಯವನ್ನೂ ಸೇರಿಸಿದ್ದಾರೆ. ಅಗತ್ಯ ಮೀರಿ ವಾಹನವಿಟ್ಟುಕೊಂಡವನಿಗೆ ಮೊದಲನೆಯದು ಅನ್ವಯಿಸುತ್ತದೆ. ಪರರ ಸಿರಿಗೆ ಬೆರಗಾಗಿ ರಸ್ತೆಬದಿಯಲ್ಲಿ ನಿಂತವನಿಗೆ ಎರಡನೆಯದು. ಕಾರಿಲ್ಲದವನೂ ನಿರಾಳನಲ್ಲ.

ಮಾನಕಷಾಯವು ಯಂತ್ರವನ್ನೂ ಹುಟ್ಟಿಸಬಲ್ಲದು. ಇಟಲಿಯ ಫೆರುಚ್ಚಿಯೊ ಲ್ಯಾಂಬೋರ್ಗಿನಿ ಮೊದಲು ಟ್ರ್ಯಾಕ್ಟರ್ ತಯಾರಕ. ತನ್ನ ಫೆರಾರಿ ಕಾರಿನ ದೋಷ ಹೇಳಲು ಹೋಗಿ ಅವಮಾನಿತನಾಗಿ, ಹಟ ತೊಟ್ಟು 1963ರಲ್ಲಿ ತಾನೇ ಸ್ಪೋರ್ಟ್ಸ್ ಕಾರಿನ ಕಾರ್ಖಾನೆ ತೆರೆದನೆಂಬ ಕಥೆ ಪ್ರಸಿದ್ಧ. ಉಳುವವನಿಗೆ ನೆರವಾದ ಕೈ ಹಟಕ್ಕೆ ಬಿದ್ದಾಗ ಮೆರವಣಿಗೆಯ ರಥ ಸಿದ್ಧವಾಯಿತು.

ರಥಗಳ ಮಾತಿಗೆ ಮುಧೋಳದ ಮಣ್ಣಿನ ಮಗ ರನ್ನನೇ ಸಾಕ್ಷಿ. ಬಳೆಗಾರರ ಮನೆಯಲ್ಲಿ ಹುಟ್ಟಿದ ಈ ಕವಿ 993ರಲ್ಲಿ ರಚಿಸಿದ ಅಜಿತಪುರಾಣದಲ್ಲಿ ಸಗರ ಚಕ್ರವರ್ತಿಯ ಕಥೆ ಬರುತ್ತದೆ. ಚಕ್ರವರ್ತಿಗೆ 84 ಲಕ್ಷ ರಥಗಳೆಂದು ಪುರಾಣಗಳ ಎಣಿಕೆ. ಮಕ್ಕಳ ಮರಣವಾರ್ತೆ ಬಂದಾಗ ಅವುಗಳಲ್ಲಿ ಒಂದೂ ಅವನ ನೆರವಿಗೆ ಬರಲಿಲ್ಲ. ಸಗರನು ಎಲ್ಲವನ್ನೂ ಬಿಟ್ಟು ದೀಕ್ಷೆಯ ದಾರಿ ಹಿಡಿದನು. ಆ ಪುರಾಣವನ್ನು ಬರೆಯಿಸಿದ ಅತ್ತಿಮಬ್ಬೆಯೂ ಸಿರಿವಂತೆಯೇ. ಆಕೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿ ದಾನಚಿಂತಾಮಣಿಯೆನಿಸಿದಳು. ಸಿರಿಗೆ ಈ ದಾರಿಯೂ ಉಂಟು.

ಇನ್ನು ವೇಗದ ಮಾತು. ಪ್ರಮಾದದಿಂದ ಪ್ರಾಣಹಾನಿ ಮಾಡುವುದೇ ಹಿಂಸೆಯೆಂದು ಅದೇ ತತ್ವಾರ್ಥಸೂತ್ರ ತಿಳಿಸುತ್ತದೆ. ಈರ್ಯಾಸಮಿತಿಯುಳ್ಳ ಮುನಿಗಳು ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡುತ್ತ, ಇರುವೆಗೂ ನೋವಾಗದಂತೆ ಬರಿಗಾಲಲ್ಲಿ ವಿಹರಿಸುತ್ತಾರೆ. ಅವರು ನಡೆಯುವುದೂ ಇದೇ ರಸ್ತೆಯ ಅಂಚಿನಲ್ಲಿ. ಅಲ್ಲಿ ವೇಗದ ಮತ್ತಿನಿಂದ ಕಾರು ಓಡಿಸುವ ಶ್ರಾವಕನು ಬಸದಿಯಲ್ಲಿ ಎಷ್ಟು ಅಭಿಷೇಕ ಮಾಡಿಸಿದರೇನು?

ಭೋಜನ, ವಾಹನ, ಶಯನಾದಿಗಳಿಗೆ ಒಂದು ಹಗಲು, ಒಂದು ಪಕ್ಷ, ಒಂದು ಮಾಸವೆಂದು ಕಾಲಮಿತಿಯಿಟ್ಟು ನಿಯಮ ಹಿಡಿಯಲು ಸಮಂತಭದ್ರರು ದಾರಿ ತೋರಿದ್ದಾರೆ. ಬರುವ ಚತುರ್ದಶಿಯ ಒಂದು ದಿನ ವಾಹನವನ್ನು ಮನೆಯಲ್ಲೇ ಬಿಟ್ಟು ಬಸದಿಗೆ ನಡೆದು ಹೋಗಬಹುದು. ದಾರಿಯಲ್ಲಿ ಮನಸ್ಸು ಎಷ್ಟು ಸಲ ಕಾರಿನತ್ತ ಓಡಿತೆಂದು ಎಣಿಸಿಕೊಂಡರೆ, ಪರಿಗ್ರಹದ ಲೆಕ್ಕ ಅವರವರಿಗೇ ಸಿಗುತ್ತದೆ.