ಸಾಗರದಾಚೆಯ ರೂಪಾಯಿ

ಮುಂಬಯಿಯ ಕೋಟೆ ವಿಭಾಗದಲ್ಲಿ, ರಿಸರ್ವ್ ಬ್ಯಾಂಕಿನ ಎದುರಿಗೆ ಇರುವ ಹಳೆಯ ಟಂಕಸಾಲೆಯ ಮುಂದೆ ಹಾದುಹೋಗದ ಮುಂಬಯಿ ಕನ್ನಡಿಗರು ವಿರಳ. ಕೋಟೆಯ ಉಪಾಹಾರಗೃಹಗಳಲ್ಲಿ ಹಗಲೆಲ್ಲ ದುಡಿದು, ಇರುಳು ರಾತ್ರಿಶಾಲೆಯಲ್ಲಿ ಕಾಲು, ಅರೆ, ಒಂದೂವರೆಯ ಮಗ್ಗಿ ಕಲಿತು, ತಿಂಗಳ ಮೊದಲ ವಾರದಲ್ಲಿ ಊರಿಗೆ ಮನಿಯಾರ್ಡರು ಕಳುಹಿಸಿದ ಒಂದು ತಲೆಮಾರೇ ಈ ಬೀದಿಗಳಲ್ಲಿ ನಡೆದಾಡಿದೆ. ಆದರೆ ಇಲ್ಲಿ ಅಚ್ಚಾದ ಬೆಳ್ಳಿ ರೂಪಾಯಿ ಒಂದು ಕಾಲದಲ್ಲಿ ಅರಬ್ಬೀ ಸಮುದ್ರವನ್ನು ದಾಟಿ ಪೂರ್ವ ಆಫ್ರಿಕದ ಮನೆಮಾತಿನ ನಾಣ್ಯವಾಗಿತ್ತೆಂಬ ಸಂಗತಿ ಅನೇಕರಿಗೆ ತಿಳಿದಿರಲಾರದು.

ಜಂಜಿಬಾರಿನಲ್ಲಿ ಮೊದಲು ಮಾನ್ಯವಾಗಿದ್ದುದು ಆಸ್ಟ್ರಿಯದ ಮರಿಯಾ ತೆರೇಸಾ ಬೆಳ್ಳಿ ಡಾಲರು. ಅದಕ್ಕೆ ಸರಿಸಮನಾಗಿ ಅಲ್ಲಿನ ಸುಲ್ತಾನರು 1882ರಲ್ಲಿ ರಿಯಾಲ್ ಎಂಬ ನಾಣ್ಯವನ್ನು ಹೊರಡಿಸಿದರು. ಮುಂಬಯಿಯೊಡನೆ ವ್ಯಾಪಾರ ಬೆಳೆದಂತೆ ರೂಪಾಯಿಯೂ ಅದರ ಪಕ್ಕದಲ್ಲಿ ಚಲಾವಣೆಗೆ ಬಂದಿತು. 1908ರಲ್ಲಿ ಜಂಜಿಬಾರು ತನ್ನದೇ ರೂಪಾಯಿಯನ್ನು ಸ್ವೀಕರಿಸಿದಾಗ ಒಂದು ರಿಯಾಲಿಗೆ 2 ರೂಪಾಯಿ 2 ಆಣೆಯ ದರ ನಿಗದಿಯಾಯಿತು. ಈ ವಿಚಿತ್ರ ಲೆಕ್ಕದ ಮೂಲವನ್ನು ಯಾವ ಅಕ್ಕಸಾಲಿಗನಾದರೂ ಹೇಳಬಲ್ಲ. ಡಾಲರಿನಲ್ಲಿದ್ದ ಶುದ್ಧ ಬೆಳ್ಳಿ ಸುಮಾರು 23.4 ಗ್ರಾಂ, ರೂಪಾಯಿಯಲ್ಲಿದ್ದುದು ಸುಮಾರು 10.7 ಗ್ರಾಂ, ಭಾಗಿಸಿದರೆ ಎರಡಕ್ಕಿಂತ ತುಸು ಹೆಚ್ಚು. ವಿನಿಮಯ ದರವೆಂದರೆ ಅಂದು ತಕ್ಕಡಿಯ ಮಾತಾಗಿತ್ತು.

ಮುಖ್ಯಭೂಮಿಯಲ್ಲಿಯೂ ರೂಪಾಯಿಯದೇ ಆಳ್ವಿಕೆ. 1896ರಲ್ಲಿ ಮೊಂಬಾಸದಿಂದ ಆರಂಭವಾದ ಉಗಾಂಡಾ ರೈಲುಮಾರ್ಗಕ್ಕೆ ಭಾರತದಿಂದ ಒಯ್ದ ಸುಮಾರು 32,000 ಕೂಲಿಗಳ ಸಂಬಳವೂ ರೂಪಾಯಿಯಲ್ಲಿಯೇ. ಮಂಗಳೂರಿನ ಹೆಂಚು ಪೂರ್ವ ಆಫ್ರಿಕದ ಮನೆಗಳ ಮಾಡನ್ನೇರಿದುದೂ ಇದೇ ಸಮುದ್ರಮಾರ್ಗದಲ್ಲಿ. ಜರ್ಮನರ ವಶದಲ್ಲಿದ್ದ ನೆರೆಯ ಪ್ರಾಂತದಲ್ಲಿ ಸಹ ನಾಣ್ಯದ ಹೆಸರು ರೂಪಿಯೇ; 15 ರೂಪಿಗೆ 20 ಮಾರ್ಕು. ಬ್ರಿಟಿಷರ ಪ್ರಾಂತದಲ್ಲಿ ರೂಪಾಯಿಗೆ 1 ಶಿಲಿಂಗ್ 4 ಪೆನ್ಸ್, ಅಂದರೆ 15 ರೂಪಾಯಿಗೆ ಒಂದು ಪೌಂಡು. ಸುಮಾರು ಇಪ್ಪತ್ತು ವರ್ಷ ಈ ಲೆಕ್ಕ ಕದಲಲಿಲ್ಲ.

ಕದಲಿಸಿದುದು ಮೊದಲನೆಯ ಮಹಾಯುದ್ಧ. ಬೆಳ್ಳಿಯ ಬೆಲೆ ಗಗನಕ್ಕೇರಿ, 1920ರ ಆರಂಭದಲ್ಲಿ ರೂಪಾಯಿಯ ಬೆಲೆ 2 ಶಿಲಿಂಗನ್ನೂ ಮೀರಿತು. ಕೀನ್ಯದ ಬಿಳಿಯ ತೋಟಗಾರರು ಕಂಗಾಲಾದರು. ಅವರ ಕಾಫಿ ಲಂಡನ್ನಿನಲ್ಲಿ ಪೌಂಡಿಗೆ ಮಾರಾಟವಾದರೆ ಸಾಲ, ಸಂಬಳಗಳೆಲ್ಲ ರೂಪಾಯಿಯಲ್ಲಿದ್ದವು. ಸರಕಾರವು 1920ರಲ್ಲಿ ಫ್ಲಾರಿನ್ ಎಂಬ ಹೊಸ ನಾಣ್ಯವನ್ನು ರೂಪಾಯಿಗೆ ಸಮವೆಂದೂ 2 ಶಿಲಿಂಗಿಗೆ ಸಮವೆಂದೂ ಘೋಷಿಸಿತು. ಮರುವರ್ಷವೇ ಅದೂ ಹೋಗಿ, ಫ್ಲಾರಿನ್ನಿಗೆ ಎರಡರಂತೆ ಪೂರ್ವ ಆಫ್ರಿಕದ ಶಿಲಿಂಗು ಬಂದಿತು. ಉಪಾಯವೇನೋ ಚೆನ್ನಾಗಿಯೇ ಕಂಡಿತು. ಆದರೆ ಕಾಲ ಕೈಕೊಟ್ಟಿತು. 1921ರ ವೇಳೆಗೆ ಭಾರತದಲ್ಲಿ ರೂಪಾಯಿ ಹಿಂದಿನ 1 ಶಿಲಿಂಗ್ 4 ಪೆನ್ಸಿನ ಮಟ್ಟಕ್ಕೇ ಇಳಿದಿತ್ತು. ಕೀನ್ಯದ ಲೆಕ್ಕಪುಸ್ತಕದಲ್ಲಿ ಮಾತ್ರ ಎರಡರ ದರವೇ ಸ್ಥಿರವಾಗಿ ಉಳಿಯಿತು.

ಫಲವೇನಾಯಿತು? 1,500 ರೂಪಾಯಿಯ ಹಳೆಯ ಸಾಲ 100 ಪೌಂಡಿಗೆ ಬದಲು 150 ಪೌಂಡಾಯಿತು. ಅಲ್ಲಿ 60 ರೂಪಾಯಿ ಸಂಬಳದ ಭಾರತೀಯ ಗುಮಾಸ್ತನಿಗೆ 120 ಶಿಲಿಂಗು ದೊರೆತರೆ, ಅದು ಮುಂಬಯಿಯಲ್ಲಿ 90 ರೂಪಾಯಿ. ಊರಿಗೆ ಹಣ ಕಳುಹಿಸುವವನಿಗೆ ಒಂದೂವರೆಯ ಮಗ್ಗಿ ಇಷ್ಟು ಸಿಹಿಯಾಗಿದ್ದುದು ಅಪರೂಪ! ಇತ್ತ ಒಂದು ರೂಪಾಯಿಯನ್ನು ಅತ್ತ ಸಾಗಿಸಿದರೆ ಎರಡು ಶಿಲಿಂಗು ಸಿಗುವಂತಿದ್ದುದರಿಂದ ಹಡಗುಗಳಲ್ಲಿ ಕಳ್ಳಸಾಗಣೆಯ ಭೀತಿ ಹುಟ್ಟಿ, 1921ರಲ್ಲಿ ಕೀನ್ಯದಲ್ಲಿ ಭಾರತದ ರೂಪಾಯಿಯ ಚಲಾವಣೆಯನ್ನು ರದ್ದುಗೊಳಿಸಲಾಯಿತು. ವರ್ತಕನು ಕೈಯಲ್ಲುಳಿದ ನಾಣ್ಯವನ್ನು ಮುಂಬಯಿಗೆ ಕಳುಹಿಸಿ ಅಷ್ಟಿಷ್ಟು ಉಳಿಸಿಕೊಂಡಾನು. ಗುಡಿಸಲಿನ ಮಣ್ಣಿನಡಿ ಕೂಡಿಟ್ಟಿದ್ದ ಆಫ್ರಿಕದ ರೈತನಿಗೆ ಮುಂಬಯಿ ಎಲ್ಲಿ, ಟಂಕಸಾಲೆ ಎಲ್ಲಿ?

ಆ ರೈತನ ಮೇಲೆ ಇನ್ನೂ ಒಂದು ಪೆಟ್ಟು ಬಿದ್ದಿತು. ತಿಂಗಳಿಗೆ 6 ರೂಪಾಯಿ ಪಡೆಯುತ್ತಿದ್ದ ಕೂಲಿಗೆ ಹೊಸ ದರದಂತೆ 12 ಶಿಲಿಂಗು ಬರಬೇಕು. ತೋಟಗಾರರು 1921ರಲ್ಲಿ ಕೂಲಿಯನ್ನು ಮೂರನೆಯ ಒಂದು ಪಾಲು ಕಡಿತಗೊಳಿಸಲು ನಿಶ್ಚಯಿಸಿದರು, ಹನ್ನೆರಡು ಎಂಟಾಯಿತು. ಎಂಟು ಶಿಲಿಂಗೆಂದರೆ ಹಳೆಯ ದರದ ಆರು ರೂಪಾಯಿಯೇ ಅಲ್ಲವೇ ಎಂದು ವಾದಿಸಬಹುದು. ಲೆಕ್ಕಕ್ಕೆ ಅದು ಸರಿಯೂ ಹೌದು. ಆದರೆ ಗುಡಿಸಲು ತೆರಿಗೆಯನ್ನು ಎರಡರ ದರದಲ್ಲಿಯೇ ಎಣಿಸಲಾಗುತ್ತಿತ್ತು. ಸಂಬಳಕ್ಕೊಂದು ಅಳತೆ, ತೆರಿಗೆಗೊಂದು ಅಳತೆ. ಈ ಅನ್ಯಾಯದ ವಿರುದ್ಧ ದನಿಯೆತ್ತಿದವರಲ್ಲಿ ಹ್ಯಾರಿ ಥುಕು ಎಂಬ ತರುಣ ಪ್ರಮುಖ. 1922ರ ಮಾರ್ಚಿನಲ್ಲಿ ಆತನ ಬಂಧನವಾದಾಗ ನೈರೋಬಿಯಲ್ಲಿ ನೆರೆದ ಜನರ ಮೇಲೆ ಗುಂಡು ಹಾರಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಅಸುನೀಗಿದರು.

ಕಿರಿದಾದ ಕಡಲ ಪಟ್ಟಿಯಾಚೆಯ ಜಂಜಿಬಾರು ಈ ಗೊಂದಲದಿಂದ ದೂರವುಳಿದು ರೂಪಾಯಿಯನ್ನೇ ಹಿಡಿದುಕೊಂಡಿತು. 1936ರ ಜನವರಿ 1ರಂದು ಅದೂ ಶಿಲಿಂಗಿಗೆ ಶರಣಾಯಿತು. ಆಗ ರೂಪಾಯಿಗೆ ದೊರೆತುದು ಒಂದೂವರೆ ಶಿಲಿಂಗು. ಮೊಂಬಾಸದಲ್ಲಿ ಎರಡು, ಜಂಜಿಬಾರಿನಲ್ಲಿ ಒಂದೂವರೆ! ಒಂದೇ ಹೆಸರಿನ ನಾಣ್ಯಕ್ಕೆ ಎರಡು ಬಂದರುಗಳಲ್ಲಿ ಎರಡು ವಿದಾಯಗಳು. ಹಳೆಯ ಬೆಳ್ಳಿ ಡಾಲರಿಗೆ ಮಾತ್ರ ಸಾವಿರಲಿಲ್ಲವೆನ್ನಬೇಕು. 1940-41ರಲ್ಲಿ ಯುದ್ಧದ ಅಗತ್ಯಕ್ಕಾಗಿ ಅದನ್ನು ಮುಂಬಯಿಯ ಟಂಕಸಾಲೆಯಲ್ಲಿಯೇ ಅಚ್ಚುಹಾಕಲಾಯಿತು, ಅದೂ 1780ರ ಇಸವಿಯನ್ನು ಹಾಗೆಯೇ ಉಳಿಸಿಕೊಂಡು.

1966ರಲ್ಲಿ ಕೀನ್ಯ, ಉಗಾಂಡಾ, ಟಾಂಜಾನಿಯಗಳು ಪ್ರತ್ಯೇಕ ಶಿಲಿಂಗುಗಳನ್ನು ಹೊರಡಿಸಿದಾಗ ಮೂರರ ಬೆಲೆಯೂ ಒಂದೇ ಆಗಿತ್ತು. ಇಂದು ಕೀನ್ಯದ ಒಂದು ಶಿಲಿಂಗಿಗೆ ಟಾಂಜಾನಿಯದ ಸುಮಾರು ಇಪ್ಪತ್ತು ಶಿಲಿಂಗು ತೆರಬೇಕು. ಉಗಾಂಡಾದ ಶಿಲಿಂಗು ಇನ್ನೂ ಕೆಳಗಿದೆ, 1987ರಲ್ಲಿ ನೂರು ಹಳೆಯದಕ್ಕೆ ಒಂದು ಹೊಸದನ್ನು ಕೊಟ್ಟ ಮೇಲೆಯೂ. ರೂಪಾಯಿ ಅಲ್ಲಿಂದ ಮರೆಯಾಗಿದೆಯಾದರೂ ಅದರ ಚಿಲ್ಲರೆ ಉಳಿದಿದೆ: ಸ್ವಾಹಿಲಿ ಭಾಷೆಯಲ್ಲಿ ಹಣಕ್ಕೆ ಇಂದಿಗೂ ‘ಪೆಸಾ’ ಎನ್ನುತ್ತಾರೆ. 2007ರಲ್ಲಿ ಕೀನ್ಯದಲ್ಲಿ ಆರಂಭವಾದ, ದೂರವಾಣಿಯ ಮೂಲಕವೇ ಊರಿಗೆ ಹಣ ಕಳುಹಿಸುವ ಏರ್ಪಾಡಿನ ಹೆಸರು ಎಂ-ಪೆಸಾ.