ಒಂದು ಮರಕ್ಕೆ ಹತ್ತು ಗಿಡ ಹಾಕಿದ್ರೆ ಲೆಕ್ಕ ಚುಕ್ತಾ ಆಯ್ತಾ?

ನಮ್ಮ ಹೊಲದ ಮುಂದಿನ ರಸ್ತೆ ಅಗಲ ಆಗಿ ಮೂರು ವರ್ಷ ಆಯ್ತು. ಮೊದಲು ತರಕಾರಿ ಗಾಡಿ ಮಾರ್ಕೆಟ್ ಮುಟ್ಟೋಕೆ ಒಂದು ಗಂಟೆ ಬೇಕಿತ್ತು, ಈಗ ಮೂವತ್ತೈದು ನಿಮಿಷ ಸಾಕು. ರಸ್ತೆ ಬೇಡ ಅಂತ ನಾನು ಯಾವತ್ತೂ ಹೇಳಿದವನಲ್ಲ. ಆದರೆ ಆ ರಸ್ತೆಗೆ ನಾಲ್ಕು ಹಳೇ ಹುಣಸೆ ಮರ, ಜೊತೆಗೆ ಇನ್ನೂರು ಅಡಿ ಬೇಲಿ ಹೋಯ್ತು.

ಮರ ಕಡಿಯೋ ದಿನ ಗುತ್ತಿಗೆದಾರರ ಕಡೆಯವರು, "ಚಿಂತೆ ಮಾಡ್ಬೇಡಿ ಸಾರ್, ಒಂದು ಮರಕ್ಕೆ ಹತ್ತು ಗಿಡ ಹಾಕ್ಕೊಡ್ತೀವಿ" ಅಂದರು. ಪಕ್ಕದ ಹೊಲದ ತಾತ ಅಲ್ಲೇ ನಿಂತಿದ್ದರು. "ಹತ್ತು ಗಿಡ ಸೇರಿಸಿದ್ರೂ ಒಂದು ಪೊಟರೆ ಆಗಲ್ಲ ಕಣಪ್ಪ" ಅಂದರು. ತೋಟಗಾರಿಕೆ ಪದವಿ ಓದಿದ ನನಗೆ ಆ ಮಾತು ಅರ್ಥ ಆಗೋಕೆ ಒಂದು ಹಂಗಾಮು ಬೇಕಾಯ್ತು.

ಹೋಗಿದ್ದು ಮರ ಮಾತ್ರ ಅಲ್ಲ

ಮುಂದಿನ ವರ್ಷ ಅರ್ಧ ಎಕರೆ ಸಿಹಿಕುಂಬಳ ಹಾಕಿದ್ದೆ. ಬಳ್ಳಿ ಚೆನ್ನಾಗಿ ಹಬ್ಬಿತು, ಹೂವೂ ಬಂತು. ಆದರೆ ಪಿಂದೆಗಳು ಹಳದಿ ಆಗಿ ಉದುರೋಕೆ ಶುರು. ಗೊಬ್ಬರದ ಕೊರತೆ ಇರಬಹುದು ಅಂದುಕೊಂಡೆ. ಒಂದು ಬೆಳಗ್ಗೆ ಆರಕ್ಕೆ ಹೋಗಿ ಕೂತು ನೋಡಿದಾಗ ಗೊತ್ತಾಯ್ತು: ಹೂವಿನ ಮೇಲೆ ಜೇನುನೊಣವೇ ಇಲ್ಲ.

ಕುಂಬಳದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಪರಾಗ ದಪ್ಪ, ಅಂಟು, ಗಾಳಿಗೆ ಹಾರಲ್ಲ. ಬೆಳಗಿನ ಜಾವ ಅರಳಿದ ಹೂ ಬಿಸಿಲೇರುವಷ್ಟರಲ್ಲಿ ಮುಚ್ಚಿಕೊಳ್ಳುತ್ತೆ. ಅಷ್ಟರೊಳಗೆ ನೊಣ ಬರಬೇಕು. ಆ ನೊಣಗಳ ಮನೆ ಎಲ್ಲಿತ್ತು? ತುಡುವೆ ಜೇನು ಹುಣಸೆಯ ಪೊಟರೆಯಲ್ಲಿ. ಕೋಲುಜೇನು ಬೇಲಿಯ ಕೊಂಬೆಯಲ್ಲಿ. ಕಪ್ಪು ದುಂಬಿ ಒಣಗಿದ ರೆಂಬೆ ಕೊರೆದು ಅದರೊಳಗೆ. ಇನ್ನು ಕೆಲವು ಒಂಟಿ ಜೇನು ಉಳುಮೆ ಆಗದ ಬದುವಿನ ಮಣ್ಣಿನಲ್ಲಿ. ನಾಲ್ಕೂ ಮನೆ ಒಂದೇ ವಾರದಲ್ಲಿ ಹೋಗಿತ್ತು. ಅದೇ ಪೊಟರೆಯಲ್ಲಿ ಹಾಲಕ್ಕಿ ಜೋಡಿಯೂ ಇತ್ತು, ಇಲಿ ಹಿಡಿಯುತ್ತಿತ್ತು.

ಆ ವರ್ಷ ಬಿಸಿಲೂ ಜೋರಿತ್ತು, ಎಲ್ಲ ತಪ್ಪನ್ನೂ ರಸ್ತೆ ಮೇಲೆ ಹಾಕಲ್ಲ. ಆದರೆ ದಿನಾ ಬೆಳಗ್ಗೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಕೈಯಾರೆ ಮುಟ್ಟಿಸಿದ ಬಳ್ಳಿಗಳಲ್ಲಿ ಕಾಯಿ ನಿಂತಿತು. ಮುಟ್ಟಿಸದ ಸಾಲಲ್ಲಿ ಉದುರಿತು. ಜೇನು ಬಿಟ್ಟಿಯಾಗಿ ಮಾಡ್ತಿದ್ದ ಕೆಲಸಕ್ಕೆ ನಾನು ಕೂಲಿ ಕೊಟ್ಟೆ.

ಬಂದ ನಲವತ್ತು ಗಿಡದ ಕಥೆ

ಗಿಡಗಳು ಬಂದವು, ಸುಳ್ಳು ಹೇಳಬಾರದು. ಆದರೆ ಬಂದದ್ದು ಮಳೆ ಮುಗಿದ ಮೇಲೆ. ಗುಲ್‌ಮೊಹರ್, ಸ್ಪಾಥೋಡಿಯಾ ಥರದ ಅಲಂಕಾರದ ಗಿಡಗಳೇ ಹೆಚ್ಚು. ಒಂದಡಿ ಗುಂಡಿ, ಚರಂಡಿಗೂ ಡಾಂಬರಿಗೂ ನಡುವಿನ ಜಾಗ, ಬೇಲಿ ಇಲ್ಲ. ಏಪ್ರಿಲ್‌ನಲ್ಲಿ ಎಣಿಸಿದಾಗ ಉಳಿದಿದ್ದು ಏಳು. ಕಾಗದದಲ್ಲಿ ಮಾತ್ರ "ನೆಟ್ಟಿದ್ದು 40".

ತೊಂದರೆ ಇರೋದು ಇಲ್ಲೇ. ನಾವು ಗಿಡ ಎಣಿಸ್ತೀವಿ, ನೆಲೆ ಎಣಿಸಲ್ಲ. ಇಂಗ್ಲೆಂಡಿನಲ್ಲಿ ಈಗ ಬೇರೆ ಲೆಕ್ಕ ಇದೆ. 2024ರ ಫೆಬ್ರವರಿಯಿಂದ ಅಲ್ಲಿ ಬಹುತೇಕ ದೊಡ್ಡ ಕಟ್ಟಡ, ಬಡಾವಣೆ ಕಟ್ಟುವವರು ಮೊದಲು ಆ ಜಾಗದಲ್ಲಿ ಹುಲ್ಲು, ಬೇಲಿ, ಹಳ್ಳ, ಮರ ಏನೇನಿದೆ ಅಂತ ಅಳೆಯಬೇಕು. ಕೆಲಸ ಮುಗಿದ ಮೇಲೆ ಅದಕ್ಕಿಂತ ಕನಿಷ್ಠ 10% ಹೆಚ್ಚು ನೆಲೆ ಮಾಡಿಕೊಡಬೇಕು, 30 ವರ್ಷ ನೋಡಿಕೊಳ್ಳಬೇಕು. ಇದಕ್ಕೆ ಒಪ್ಪಿಗೆ ಕೊಡೋದು ಸ್ಥಳೀಯ ಆಡಳಿತ. ಬೇಲಿಗೆ ಪ್ರತ್ಯೇಕ ಲೆಕ್ಕವೇ ಇದೆ. ಕಟ್ಟುವವರ ಹತ್ತಿರ ಜಾಗ ಇಲ್ಲದಿದ್ದರೆ ರೈತ ತನ್ನ ಜಮೀನಿನಲ್ಲಿ ಅದನ್ನು ಬೆಳೆಸಿ ಹಣ ಪಡೀಬಹುದು. ಮೂವತ್ತು ವರ್ಷ ಯಾರು ಬಂದು ನೋಡ್ತಾರೆ ಅನ್ನೋ ಪ್ರಶ್ನೆ ಅಲ್ಲೂ ಇದೆ. ಆದರೂ "ಎಷ್ಟು ಗಿಡ" ಬಿಟ್ಟು "ಏನು ಹೋಯ್ತು, ಏನು ಬಂತು, ಎಷ್ಟು ಕಾಲ" ಅಂತ ಕೇಳೋದು ನಮಗೂ ಬೇಕಾದ ಪಾಠ.

ನಮ್ಮ ಕೈಯಲ್ಲಿ ಏನಿದೆ?

ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ, ರಸ್ತೆ ಅಗಲೀಕರಣದಂಥ ಸಾರ್ವಜನಿಕ ಕೆಲಸಕ್ಕೆ 50ಕ್ಕಿಂತ ಹೆಚ್ಚು ಮರ ಕಡಿಯೋದಾದರೆ ವೃಕ್ಷ ಅಧಿಕಾರಿ ಸಾರ್ವಜನಿಕರಿಂದ ಆಕ್ಷೇಪಣೆ ಕರೆಯಬೇಕು. ರಾಷ್ಟ್ರೀಯ ಹೆದ್ದಾರಿಯಾದರೆ 2015ರ ಹಸಿರು ಹೆದ್ದಾರಿ ನೀತಿಯಲ್ಲಿ ಯೋಜನಾ ವೆಚ್ಚದ 1% ಗಿಡ ನೆಟ್ಟು ನಿರ್ವಹಿಸೋಕೆ ಅಂತಲೇ ಇಡಬೇಕು. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಮರ, ಕೆರೆ, ತೋಪುಗಳನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡಬೇಕು. ದಾಖಲಾತಿಯಲ್ಲಿ ಇಲ್ಲದ ಮರ ಹೋದರೆ ಏನು ಹೋಯ್ತು ಅಂತ ತೋರಿಸೋಕೂ ಆಗಲ್ಲ. ಇದೇ ಕಾಯ್ದೆಯಡಿ ದೇವನಹಳ್ಳಿ ತಾಲೂಕಿನ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಆಯ್ತು, ವಿಮಾನ ನಿಲ್ದಾಣ ಬಂದ ಅದೇ ತಾಲೂಕಿನಲ್ಲಿ.

ಗುಂಡುತೋಪಿನಲ್ಲಿ ನಾವು ಮಾಡಿದ್ದು

ಗ್ರಾಮಸಭೆಯಲ್ಲಿ ನಾವು ಐದಾರು ಹುಡುಗರು ಎದ್ದು ನಿಂತು ಕೇಳಿದೆವು: ಸತ್ತ ಮೂವತ್ತಮೂರು ಗಿಡಕ್ಕೆ ಬದಲಿ ಗಿಡ ಕೊಡಿ, ಆದರೆ ರಸ್ತೆ ಬದಿ ಬೇಡ, ಹಾಳುಬಿದ್ದ ಗುಂಡುತೋಪಿನಲ್ಲಿ ಕೊಡಿ. ಪಂಚಾಯ್ತಿ ಒಪ್ಪಿತು. ಆದರೆ ಕುರಿ ಮೇಯಿಸುವವರು ಒಪ್ಪಲಿಲ್ಲ. "ಎಲ್ಲಾ ಬೇಲಿ ಹಾಕ್ಬಿಟ್ರೆ ನಮ್ಮ ಕುರಿ ಎಲ್ಲಿಗೆ ಹೋಗ್ಬೇಕು?" ಅಂತ ಜಗಳವೇ ಆಯ್ತು. ಅವರ ಮಾತಲ್ಲಿ ನ್ಯಾಯ ಇತ್ತು. ಹುಲ್ಲು ಕೂಡ ಒಂದು ನೆಲೆಯೇ. ಮಧುಗಿರಿ ತಾಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗ ಬದುಕಿರೋದು ಬಯಲು ಹುಲ್ಲು ಇರೋದರಿಂದ. ಅದನ್ನೆಲ್ಲ ಕಾಡು ಮಾಡ್ತೀವಿ ಅಂದರೆ ಅವು ಓಡಬೇಕಾಗುತ್ತೆ. ಕೊನೆಗೆ ನಮ್ಮ ತೋಪಿನ ಅರ್ಧ ಭಾಗ ಹುಲ್ಲಿಗೆ ಬಿಟ್ಟೆವು, ಟ್ರೆಂಚ್ ಪಕ್ಕ ಮಾತ್ರ ಗಿಡ ಹಾಕಿದೆವು. ಈಗ ಗಿಡ ಕಾಯೋದು ಆ ಕುರಿಯವರೇ.

ಎರಡು ಬೇಸಿಗೆ ಕಳೆದು ಇಪ್ಪತ್ತಾರು ಗಿಡ ಬದುಕಿವೆ. ಪೊಟರೆ ಆಗೋಕೆ ನಮ್ಮ ಮಕ್ಕಳ ಕಾಲ ಬರಬೇಕು. ಆದರೆ ಲಕ್ಕಿ, ತಂಗಡಿ ಆಗಲೇ ಹೂ ಬಿಟ್ಟಿವೆ, ಕೋಲುಜೇನು ವಾಪಸ್ ಬಂದಿದೆ.

ಗ್ರಾಮಸಭೆಯಲ್ಲಿ ಕೇಳಬೇಕಾದ ಐದು ಪ್ರಶ್ನೆ

1. ಈ ಮರ ಕಡಿಯದೇ ಕೆಲಸ ಆಗಲ್ವಾ? ಪರಿಹಾರದ ಮಾತು ಆಮೇಲೆ, ಉಳಿಸೋ ಮಾತು ಮೊದಲು.
2. ಯಾವ ಜಾತಿ ಗಿಡ? ಹುಣಸೆ, ಹೊಂಗೆ, ಬೇವು, ನೇರಳೆ, ಅತ್ತಿ ಬರೆಸಿ. ಬೇಲಿ ಹೋಗಿದ್ದರೆ ಬೇಲಿಯನ್ನೇ ಕೇಳಿ: ಲಕ್ಕಿ, ತಂಗಡಿ, ಕಾರೆ, ಬಂದರಿಕೆ.
3. ಯಾವ ಜಾಗ? ಮುಂದೆ ಮತ್ತೆ ರಸ್ತೆ ಅಗಲ ಆಗೋ ಜಾಗ, ವಿದ್ಯುತ್ ತಂತಿ ಕೆಳಗೆ ಬೇಡ.
4. ಯಾವಾಗ? ಬೇಸಿಗೆಯಲ್ಲೇ ಎರಡಡಿ ಗುಂಡಿ ತೆಗೆದು, ಜೂನ್–ಜುಲೈ ಮಳೆಗೆ ನೆಡಬೇಕು.
5. ಮೂರು ಬೇಸಿಗೆ ನೀರು ಯಾರು ಹಾಕ್ತಾರೆ? ಸತ್ತ ಗಿಡಕ್ಕೆ ಬದಲಿ ಯಾರು ಕೊಡ್ತಾರೆ? ಉತ್ತರ ನಡಾವಳಿ ಪುಸ್ತಕದಲ್ಲಿ ಬರಬೇಕು.

ನಿಮ್ಮ ಮೊಬೈಲೇ ಸಾಕ್ಷಿ

ನಾನು ಮಾಡಿದ ದೊಡ್ಡ ತಪ್ಪು ಅಂದರೆ ಹುಣಸೆ ಮರಗಳ ಒಂದೇ ಒಂದು ಫೋಟೋ ತೆಗೆದಿರಲಿಲ್ಲ. ನೀವು ಹಾಗೆ ಮಾಡಬೇಡಿ. ನಿಮ್ಮೂರಿಗೆ ರಸ್ತೆ, ಬಡಾವಣೆ, ಸೋಲಾರ್ ಪಾರ್ಕ್ ಏನೇ ಬರಲಿ, ಕಲ್ಲು ನೆಡುವ ಮೊದಲೇ ಸ್ಥಳ, ದಿನಾಂಕ ಬೀಳೋ ಕ್ಯಾಮೆರಾ ಆ್ಯಪ್‌ನಲ್ಲಿ ಮರ, ಪೊಟರೆ, ಬೇಲಿ, ಹಳ್ಳ ಎಲ್ಲದರ ಫೋಟೋ ತೆಗೆದಿಡಿ. ಎದೆ ಎತ್ತರದಲ್ಲಿ ಮರದ ಸುತ್ತಳತೆ ಟೇಪಿನಲ್ಲಿ ಅಳೆದು ಬರೆದಿಡಿ. ಬದಲಿ ಗಿಡ ಹಾಕಿದ ಮೇಲೆ ಪ್ರತಿ ಏಪ್ರಿಲ್‌ನಲ್ಲಿ ಅದೇ ಜಾಗದಲ್ಲಿ ನಿಂತು ಮತ್ತೆ ಫೋಟೋ ತೆಗೆಯಿರಿ. ಬದುಕಿದ ಗಿಡ ಎಣಿಸೋಕೆ ಬೇಸಿಗೆಗಿಂತ ಒಳ್ಳೆ ಕಾಲ ಇಲ್ಲ.

ಪಂಚಾಯ್ತಿ ಮಾಡೋವರೆಗೂ ಕಾಯಬೇಡಿ. ಹೊಲದ ಒಂದು ಬದು ಉಳದೆ ಬಿಡಿ, ಒಣ ರೆಂಬೆ ಎಲ್ಲಾ ಸುಡಬೇಡಿ, ಬೇಲಿಗೆ ಲಕ್ಕಿ ಕಡ್ಡಿ ಚುಚ್ಚಿ. ನಾನೂ ಅಷ್ಟೇ ಮಾಡಿದ್ದೇನೆ. ಈ ಸಲದ ಕುಂಬಳಕ್ಕೆ ಕೈ ಪರಾಗಸ್ಪರ್ಶ ಮಾಡಿದ್ದು ಮೊದಲ ಹದಿನೈದು ದಿನ ಮಾತ್ರ. ಆಮೇಲೆ ನೊಣಗಳೇ ನೋಡಿಕೊಂಡವು.