ಬಣ್ಣದಿಂದ ಕೆಟ್ಟ ಕೂದಲಿಗೆ ರಿಪೇರಿ ಉಂಟೇ?

ಕೂದಲು ಕತ್ತರಿಸಿದರೆ ನೋವಾಗುವುದಿಲ್ಲ. ಅದನ್ನೇ ಹಿಡಿದು ಎಳೆದರೆ ಕಣ್ಣಲ್ಲಿ ನೀರು ಬರುತ್ತದೆ. ಏಕೆ ಹೀಗೆ? ಇದಕ್ಕೆ ಉತ್ತರ ಗೊತ್ತಾದರೆ ಇನ್ನೊಂದು ಪ್ರಶ್ನೆಗೂ ಉತ್ತರ ಸಿಗುತ್ತದೆ. ಮನೆಯಲ್ಲೇ ಬಣ್ಣ ಹಚ್ಚಿಕೊಂಡು ಕೂದಲು ಕೆಡಿಸಿಕೊಂಡವರೆಲ್ಲ ಕೇಳುವ ಪ್ರಶ್ನೆ ಅದು: ಕೆಟ್ಟ ಕೂದಲನ್ನು ಮತ್ತೆ ಮೊದಲಿನಂತೆ ಮಾಡಬಹುದೇ?

ನಮ್ಮ ಸಕಲೇಶಪುರ, ಆಲೂರು ಕಡೆ ಜಾತ್ರೆ, ಮದುವೆ ಹತ್ತಿರ ಬಂದಾಗ ಕೆಲವು ಅಣ್ಣಂದಿರ, ಅಕ್ಕಂದಿರ ಕಪ್ಪು ತಲೆ ಇದ್ದಕ್ಕಿದ್ದಂತೆ ಕೆಂಚಗೋ ಹೊಂಬಣ್ಣಕ್ಕೋ ತಿರುಗುವುದನ್ನು ನೀವು ನೋಡಿರಬಹುದು. ಅಂಗಡಿಯಿಂದ ಪೊಟ್ಟಣ ತಂದು, ಹಳೆಯ ಬಟ್ಟಲಲ್ಲಿ ಕಲಸಿ, ಕನ್ನಡಿ ಮುಂದೆ ನಿಂತು ಹಚ್ಚಿಕೊಂಡದ್ದು. ಕೆಲವು ದಿನ ಚೆನ್ನಾಗಿ ಕಾಣುತ್ತದೆ. ಆಮೇಲೆ ಬಾಚಣಿಗೆಗೆ ಸಿಕ್ಕಿಕೊಳ್ಳಲು ಶುರುವಾಗುತ್ತದೆ. ಮಳೆಗಾಲ ಬಂತೆಂದರೆ ಕೇಳುವುದೇ ಬೇಡ, ತೆಂಗಿನ ನಾರಿನ ಹಾಗೆ ಕೆದರಿ ನಿಲ್ಲುತ್ತದೆ, ಒಣಗುವುದೂ ಇಲ್ಲ.

ಏನಾಯಿತು ಎಂದು ತಿಳಿಯಲು ಮೊದಲು ಒಂದು ಎಳೆಯ ಒಳಗೆ ಹೋಗೋಣ. ಚರ್ಮದ ಕೆಳಗೆ ಕೂದಲಿನ ಬುಡ ಇದೆ. ಅಲ್ಲಿರುವ ಜೀವಕೋಶಗಳು ಬೆಳೆಯುತ್ತವೆ, ಒಡೆದು ಎರಡಾಗುತ್ತವೆ, ಮೇಲಕ್ಕೆ ತಳ್ಳಲ್ಪಡುತ್ತವೆ. ಮೇಲೆ ಬರುವ ಹೊತ್ತಿಗೆ ಅವು ಕೆರಾಟಿನ್ ಎಂಬ ಗಟ್ಟಿ ಪ್ರೋಟೀನಿನಿಂದ ತುಂಬಿ ಸತ್ತುಹೋಗಿರುತ್ತವೆ. ಉಗುರು, ಹಸುವಿನ ಕೊಂಬಿನ ಹೊರಕವಚ, ಅಜ್ಜನ ಕಂಬಳಿಯ ಉಣ್ಣೆ ಎಲ್ಲವೂ ಕೆರಾಟಿನ್ನೇ. ಬುಡದ ಸುತ್ತ ನರಗಳಿವೆ. ಅದಕ್ಕೇ ಎಳೆದರೆ ನೋವು. ಹೊರಗೆ ಕಾಣುವ ಎಳೆಯಲ್ಲಿ ನರವೂ ಇಲ್ಲ, ರಕ್ತವೂ ಇಲ್ಲ, ಜೀವವೂ ಇಲ್ಲ.

ಮೊಣಕಾಲು ತರಚಿದರೆ ವಾರದಲ್ಲಿ ಹೊಸ ಚರ್ಮ ಬರುತ್ತದೆ, ಏಕೆಂದರೆ ಅಲ್ಲಿ ಜೀವಕೋಶಗಳಿವೆ. ಕೂದಲ ಎಳೆಗೆ ಆ ಅನುಕೂಲ ಇಲ್ಲ. ಒಮ್ಮೆ ಕೆಟ್ಟರೆ ತಾನಾಗಿ ವಾಸಿಯಾಗದು. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಎಳೆಯ ಹೊರಮೈಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಮ್ಮೂರಿನ ಹೆಂಚಿನ ಮಾಡು ನೆನಪಾಗುತ್ತದೆ. ತೆಳ್ಳನೆಯ ಬಿಲ್ಲೆಗಳು ಒಂದರ ಮೇಲೊಂದು ಹೊದ್ದುಕೊಂಡು ಕೂತಿರುತ್ತವೆ. ಮಾಡಿನ ನೆತ್ತಿ ಇದ್ದ ಹಾಗೆ ಕೂದಲ ಬುಡ, ಸೂರಿನ ಹಾಗೆ ಕೂದಲ ತುದಿ. ಪ್ರತಿ ಬಿಲ್ಲೆಯ ಅಂಚೂ ತುದಿಯ ಕಡೆಗೇ ಬಾಗಿರುತ್ತದೆ. ಈ ಹೆಂಚುಗಳ ಮೇಲೆ ಜಿಡ್ಡಿನ ಅತಿ ತೆಳುವಾದ ಪದರವೂ ಇದೆ. ಅದರಿಂದಲೇ ಒಳ್ಳೆಯ ಕೂದಲಿನ ಮೇಲೆ ನೀರು ಸುಲಭವಾಗಿ ಅಂಟುವುದಿಲ್ಲ. ಹೆಂಚಿನ ಕೆಳಗೆ, ಮನೆಯ ಒಳಗೆ, ಕೆರಾಟಿನ್ ಹುರಿಗಳು ಹಗ್ಗದಂತೆ ಹೊಸೆದುಕೊಂಡಿವೆ. ಅವುಗಳ ನಡುವೆ ಮೆಲನಿನ್ ಎಂಬ ಬಣ್ಣದ ಕಣಗಳು. ಕೂದಲು ಕಪ್ಪಾಗಿರುವುದು ಇವುಗಳಿಂದ. ಹುರಿ ಬಿಚ್ಚಿಹೋಗದಂತೆ ಅಡ್ಡಡ್ಡಕ್ಕೆ ಗಂಧಕದ ಕೊಂಡಿಗಳು ಬಿಗಿದಿವೆ. ಕೂದಲು ಸುಟ್ಟಾಗ ಮೂಗು ಮುಚ್ಚಿಕೊಳ್ಳುವಂಥ ವಾಸನೆ ಬರುತ್ತದಲ್ಲ, ಅದರಲ್ಲಿ ಈ ಗಂಧಕದ ಪಾಲು ದೊಡ್ಡದು.

ಈಗ ಬ್ಲೀಚಿನ ಕೆಲಸ ನೋಡೋಣ. ಬಣ್ಣ ತೆಗೆಯಬೇಕಾದರೆ ಮೆಲನಿನ್ ಇರುವಲ್ಲಿಗೆ, ಅಂದರೆ ಮನೆಯ ಒಳಕ್ಕೆ ನುಗ್ಗಬೇಕು. ಅದಕ್ಕೆ ಪೊಟ್ಟಣದಲ್ಲಿ ಅಮೋನಿಯಾದಂತಹ ಪ್ರತ್ಯಾಮ್ಲ ಇರುತ್ತದೆ. ಅದು ಕೂದಲನ್ನು ಉಬ್ಬಿಸಿ ಹೆಂಚುಗಳನ್ನು ಮೇಲೆತ್ತುತ್ತದೆ. ಮಂಗಗಳ ಹಿಂಡು ಮಾಡಿನ ಮೇಲೆ ಓಡಾಡಿ ಹೋದ ಮೇಲೆ ಹೇಗಿರುತ್ತದೆ, ನಿಮಗೆ ಹೇಳಿಕೊಡಬೇಕಾಗಿಲ್ಲ! ಆ ಸಂದಿಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಒಳನುಗ್ಗುತ್ತದೆ. 1818ರಲ್ಲಿ ಫ್ರಾನ್ಸಿನ ಥೆನಾರ್ ಎಂಬ ರಸಾಯನ ವಿಜ್ಞಾನಿ ಕಂಡುಹಿಡಿದ ವಸ್ತು ಇದು. ನೀರಿನ ಅಣುವಿನಲ್ಲಿ ಎರಡು ಜಲಜನಕ, ಒಂದು ಆಮ್ಲಜನಕ ಪರಮಾಣು ಇದ್ದರೆ ಇದರಲ್ಲಿ ಎರಡು ಜಲಜನಕ, ಎರಡು ಆಮ್ಲಜನಕ. ಆ ಹೆಚ್ಚಿನ ಆಮ್ಲಜನಕವೇ ಮೆಲನಿನ್ನನ್ನು ಉತ್ಕರ್ಷಿಸಿ ಪುಡಿಮಾಡುತ್ತದೆ. ಕಪ್ಪು ಕೂದಲು ಮೊದಲು ಕೆಂಚು, ಆಮೇಲೆ ಕಿತ್ತಳೆ, ಕೊನೆಗೆ ಹಳದಿಯಾಗುತ್ತಾ ಹೋಗುತ್ತದೆ.

ತೊಂದರೆ ಏನೆಂದರೆ, ಪೆರಾಕ್ಸೈಡಿಗೆ ಮೆಲನಿನ್ ಯಾವುದು, ಗಂಧಕದ ಕೊಂಡಿ ಯಾವುದು ಎಂಬ ಭೇದ ತಿಳಿಯದು. ಬಣ್ಣದ ಜೊತೆಗೆ ಕೊಂಡಿಗಳನ್ನೂ ಮುರಿಯುತ್ತದೆ. ಹೆಂಚಿನ ಮೇಲಿನ ಜಿಡ್ಡನ್ನೂ ಕಿತ್ತುಹಾಕುತ್ತದೆ. ಹೆಂಚು ಸರಿದ ಮನೆಗೆ ಜೂನ್ ತಿಂಗಳಲ್ಲಿ ಏನಾಗುತ್ತದೋ ಆ ಕೂದಲಿಗೂ ಅದೇ ಆಗುತ್ತದೆ. ಹೆತ್ತೂರು, ಹಾನುಬಾಳು ಕಡೆಯ ತೇವದ ಗಾಳಿಯಲ್ಲಿ ಅದು ನೀರು ಕುಡಿದು ಊದಿಕೊಳ್ಳುತ್ತದೆ, ಒಂದೊಂದು ಎಳೆ ಒಂದೊಂದು ರೀತಿ ಊದುವುದರಿಂದ ಕೆದರಿಕೊಳ್ಳುತ್ತದೆ.

ಬ್ಲೀಚ್ ಮಾಡದೆ ಬರೀ ಕಪ್ಪು ಬಣ್ಣ ಹಚ್ಚಿಕೊಂಡರೆ? ಬಹುಕಾಲ ಉಳಿಯುವ ಬಣ್ಣಗಳ ಉಪಾಯ ಸ್ವಾರಸ್ಯವಾಗಿದೆ. ಬಣ್ಣವಿಲ್ಲದ ಪುಟ್ಟ ಅಣುಗಳು ಹೆಂಚಿನ ಸಂದಿಯಲ್ಲಿ ಒಳಹೋಗುತ್ತವೆ. ಒಳಗೆ ಪೆರಾಕ್ಸೈಡಿನ ನೆರವಿನಿಂದ ಒಂದಕ್ಕೊಂದು ಕೂಡಿಕೊಂಡು ಬಣ್ಣದ ದೊಡ್ಡ ಅಣುಗಳಾಗುತ್ತವೆ. ಕರುವಾಗಿದ್ದಾಗ ಕಿರುಬಾಗಿಲಲ್ಲಿ ಒಳಹೋದದ್ದು ಎತ್ತಾಗಿ ಬೆಳೆದರೆ ಹೊರಬರಲಾದೀತೇ? ಬಣ್ಣವೂ ಹಾಗೆಯೇ ಒಳಗೇ ಉಳಿಯುತ್ತದೆ. 1907ರಲ್ಲಿ ಪ್ಯಾರಿಸ್ಸಿನಲ್ಲಿ ಯೂಜೀನ್ ಶ್ಯೂಲರ್ ಎಂಬ ರಸಾಯನ ವಿಜ್ಞಾನಿ ಇಂಥ ಕೃತಕ ಬಣ್ಣವನ್ನು ತಯಾರಿಸಿ ಮಾರಲು ಆರಂಭಿಸಿದರು. ಇಲ್ಲೂ ಹೆಂಚು ಎತ್ತಲೇಬೇಕು, ಹಾನಿ ಬ್ಲೀಚಿಗಿಂತ ಕಡಿಮೆ ಅಷ್ಟೆ.

ಕಪ್ಪು ಬಣ್ಣದಲ್ಲಿ ಮಾತ್ರ ಬೇರೊಂದು ಅಪಾಯವಿದೆ. ಅವುಗಳಲ್ಲಿ ಹಲವದರಲ್ಲಿ ಪಿ.ಪಿ.ಡಿ. ಎಂಬ ರಾಸಾಯನಿಕ ಇರುತ್ತದೆ. ಕೆಲವರ ಚರ್ಮಕ್ಕೆ ಇದು ಒಗ್ಗದು. ತುರಿಕೆ, ಗುಳ್ಳೆ, ಮುಖ ಊತ ಬರಬಹುದು. ಹುಬ್ಬಿಗೆ, ರೆಪ್ಪೆಗೆ ಹಚ್ಚಿದರೆ ಕಣ್ಣಿಗೇ ಕುತ್ತು. ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳ ಎಚ್ಚರಿಕೆಯನ್ನು ಮನೆಯವರಿಗೆ ನೀವೇ ಓದಿಹೇಳಿ. ಮದರಂಗಿ ಸೊಪ್ಪು ಕೊಡುವುದು ಕೆಂಪು ಬಣ್ಣವನ್ನು ಮಾತ್ರ. ಹಚ್ಚಿದ ಕೂಡಲೇ ಕಪ್ಪಾಗುವ 'ಕಪ್ಪು ಮೆಹಂದಿ'ಯಲ್ಲಿ ಸಾಮಾನ್ಯವಾಗಿ ಇದೇ ಪಿ.ಪಿ.ಡಿ. ಬೆರೆತಿರುತ್ತದೆ. ಈ ಬಣ್ಣ ಹೊಟ್ಟೆಗೆ ಹೋದರಂತೂ ಗಂಟಲು ಊದಿ ಉಸಿರು ಕಟ್ಟುತ್ತದೆ, ಮೂತ್ರಪಿಂಡ ಕೆಡುತ್ತದೆ. ಚಿಕ್ಕ ಮಕ್ಕಳ ಕೈಗೆ ಸಿಗುವಲ್ಲಿ ಇಡಬಾರದು. ಯಾರಾದರೂ ನುಂಗಿದ್ದು ತಿಳಿದರೆ ಒಂದು ಕ್ಷಣವೂ ಕಾಯದೆ ದೊಡ್ಡವರಿಗೆ ಹೇಳಿ, 108ಕ್ಕೆ ಕರೆ ಮಾಡಿಸಿ.

ಇನ್ನೂ ಒಂದು ಮಾತು, ಇದು ಬಹಳ ಮುಖ್ಯ. ಬಾವಿಗೆ, ಶೌಚಾಲಯಕ್ಕೆ ಹಾಕುವ ಬ್ಲೀಚಿಂಗ್ ಪುಡಿ ಶಾಲೆಯಲ್ಲೂ ಇರುತ್ತದೆ. ಹೆಸರು ಒಂದೇ ಥರ ಇದೆ ಎಂದು ಅದನ್ನು ತಲೆಗೆ ಹಚ್ಚಿ ನೋಡುವ ಸಾಹಸ ಖಂಡಿತ ಬೇಡ. ಅದು ಬೇರೆಯೇ ವಸ್ತು, ಅದರಲ್ಲಿರುವುದು ಕ್ಲೋರಿನ್. ಕೂದಲನ್ನು ಕರಗಿಸಬಲ್ಲದು, ನೆತ್ತಿಯನ್ನು ಸುಡಬಲ್ಲದು. ಶೌಚಾಲಯ ತೊಳೆಯುವ ಆಸಿಡ್ಡಿನೊಂದಿಗೆ ಬೆರೆತರೆ ವಿಷಾನಿಲ ಹೊರಡುತ್ತದೆ. ತಲೆಗೆ ಹಚ್ಚಿದ ಯಾವುದೇ ವಸ್ತು ಉರಿದರೆ 'ಇನ್ನೈದು ನಿಮಿಷ ನೋಡೋಣ' ಎನ್ನಬೇಡಿ, ಕೂಡಲೇ ಧಾರಾಳ ನೀರಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದರೆ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು ಆಸ್ಪತ್ರೆಗೆ ಹೋಗಬೇಕು.

ಸರಿ, ಕೆಟ್ಟದ್ದು ಕೆಟ್ಟಿತು. ರಿಪೇರಿಯ ಮಾತಿಗೆ ಬರೋಣ. ಅಂಗಡಿಯ ಕಂಡೀಷನರ್ ಏನು ಮಾಡುತ್ತದೆ? ಹಾನಿಯಾದ ಕೂದಲಿನ ಮೈಮೇಲೆ ಋಣ ವಿದ್ಯುದಂಶ ಹೆಚ್ಚಿರುತ್ತದೆ. ಕಂಡೀಷನರಿನಲ್ಲಿ ಧನ ವಿದ್ಯುದಂಶವಿರುವ ಜಿಡ್ಡಿನ ಅಣುಗಳಿವೆ. ಅವು ಹೋಗಿ ಸರಿಯಾಗಿ ಕೆಟ್ಟ ಜಾಗಕ್ಕೇ ಅಂಟಿಕೊಂಡು ಎದ್ದ ಹೆಂಚುಗಳನ್ನು ಒತ್ತಿ ಕೂರಿಸುತ್ತವೆ. ಜಾಣ ಉಪಾಯವೇ ಸರಿ. ಆದರೆ ಸೋರುವ ಮಾಡಿಗೆ ಟಾರ್ಪಾಲು ಹೊದಿಸಿದ ಹಾಗೆ, ತೊಳೆದಾಗ ಹೋಗುತ್ತದೆ, ಮತ್ತೆ ಹಚ್ಚಬೇಕು. ಮುರಿದ ಕೊಂಡಿಗಳನ್ನು ಒಳಗೇ ಬೆಸೆಯುತ್ತೇವೆ ಎನ್ನುವ ದುಬಾರಿ ಸೀಸೆಗಳೂ ಈಗ ಬಂದಿವೆ. ಸ್ವಲ್ಪ ಬಲ ಬಂದರೂ ಎಳೆಗೆ ಜೀವವಂತೂ ಬಾರದು.

ಮೊಟ್ಟೆ ಹಚ್ಚಿದರೆ ಪ್ರೋಟೀನು ಸಿಗುತ್ತದೆ ಎನ್ನುತ್ತಾರೆ. ಮೊಟ್ಟೆಯ ಪ್ರೋಟೀನಿನ ಅಣು ಕೂದಲಿನ ಒಳಹೋಗಲಾರದಷ್ಟು ದೊಡ್ಡದು. ಬಿಸಿನೀರು ಹೊಯ್ದರೆ ತಲೆಯ ಮೇಲೇ ಬೆಂದು ಕೂರುತ್ತದೆ. ಅದನ್ನು ತಿನ್ನುವುದೇ ಮೇಲು, ಬುಡದ ಜೀವಕೋಶಗಳಿಗೆ ಬೇಕಾದ ಪ್ರೋಟೀನು ಹೊಟ್ಟೆಯ ದಾರಿಯಿಂದಲೇ ಹೋಗುವುದು.

ಕೊಬ್ಬರಿ ಎಣ್ಣೆಯ ಬಗ್ಗೆ ಅಜ್ಜಿ ಹೇಳುವುದರಲ್ಲಿ ಹುರುಳಿದೆ. 2003ರಲ್ಲಿ ಮುಂಬಯಿಯ ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಕೂದಲಿಗೆ ಹಚ್ಚಿ ಹೋಲಿಸಿದರು. ತೊಳೆಯುವಾಗ ಪ್ರೋಟೀನು ನಷ್ಟವಾಗುವುದನ್ನು ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರ ಅಣುಗಳು ನೇರವಾಗಿ, ಚಿಕ್ಕದಾಗಿರುವುದರಿಂದ ಎಳೆಯ ಒಳಕ್ಕೆ ಇಳಿಯುತ್ತವೆ. ಆ ಸಂಶೋಧಕರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ ಎಂಬುದನ್ನೂ ಹೇಳಿಬಿಡಬೇಕು. ತಲೆಸ್ನಾನಕ್ಕೆ ಮುಂಚೆ ಎಣ್ಣೆ ಹಚ್ಚುವುದು ನಷ್ಟವನ್ನು ಕಡಿಮೆ ಮಾಡುತ್ತದೆ, ಆದ ನಷ್ಟವನ್ನು ತುಂಬಿಕೊಡುವುದಿಲ್ಲ. ದಾಸವಾಳದ ಸೊಪ್ಪಿನ ಲೋಳೆ ಜಾರುವ ಪದರವಾಗಿ ಸಿಕ್ಕು ಬಿಡಿಸುತ್ತದೆ. ಸೀಗೆಪುಡಿಯ ನೀರು ತುಸು ಆಮ್ಲೀಯ, ಹೆಂಚನ್ನು ಎತ್ತುವುದಿಲ್ಲ. ಬಟ್ಟೆ ಸೋಪು, ಸೋಡಾ ಎತ್ತುತ್ತವೆ. ಒದ್ದೆ ಕೂದಲನ್ನು ಟವೆಲಿನಿಂದ ಉಜ್ಜದೆ ಒತ್ತಿ ಒರಸಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಬೇಕು. ಸೀಳಿದ ತುದಿಗೆ ಕತ್ತರಿಯೇ ಮದ್ದು.

ನಿಜವಾದ ರಿಪೇರಿ ನಡೆಯುವುದು ಚರ್ಮದ ಕೆಳಗೆ. ನೆತ್ತಿ ಸುಟ್ಟಿಲ್ಲದಿದ್ದರೆ ಬುಡ ಚೆನ್ನಾಗಿಯೇ ಇರುತ್ತದೆ, ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಹೊಸ ಕೂದಲನ್ನು ಮೇಲಕ್ಕೆ ಕಳಿಸುತ್ತಲೇ ಇರುತ್ತದೆ. ಲೆಕ್ಕ ಹಾಕಿ: ಯುಗಾದಿಗೆ ಬ್ಲೀಚ್ ಮಾಡಿದ ಅಣ್ಣನ ಕೂದಲು 5 ಸೆಂಟಿಮೀಟರ್ ಇದ್ದರೆ ಗೌರಿ ಹಬ್ಬದ ಹೊತ್ತಿಗೆ ಕೆಟ್ಟದ್ದನ್ನೆಲ್ಲ ಕತ್ತರಿಸಿ ಹಾಕಬಹುದು. 40 ಸೆಂಟಿಮೀಟರ್ ಜಡೆಯ ಅಕ್ಕ ಎಷ್ಟು ವರ್ಷ ಕಾಯಬೇಕು?

ಕೂದಲ ವ್ಯಾಪಾರಿಗಳಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಕೊಪ್ಪಳದ ಪಕ್ಕದ ಭಾಗ್ಯನಗರ ಕೂದಲಿನ ಉದ್ಯಮಕ್ಕೆ ಹೆಸರಾದ ಊರು. ಬಾಚಣಿಗೆಗೆ ಸಿಕ್ಕಿ ಉದುರಿದ ಕೂದಲನ್ನು ಅಲ್ಲಿ ಬಿಡಿಸಿ, ಅಳತೆಗೆ ತಕ್ಕಂತೆ ಬೇರ್ಪಡಿಸಿ, ವಿಗ್ಗಿಗಾಗಿ ಹೊರಗೆ ಕಳಿಸುತ್ತಾರೆ. ಈ ವ್ಯಾಪಾರದಲ್ಲಿ ಬಣ್ಣ ಸೋಕದ ಕೂದಲಿಗೆ ಬೆಲೆ ಹೆಚ್ಚು. ಬುಡ ಒಂದೇ ಕಡೆ ಇರುವಂತೆ ಕತ್ತರಿಸಿದ ಕಂತೆಗೂ ಬೆಲೆ ಹೆಚ್ಚು. ಬುಡ, ತುದಿ ಬೆರೆತರೆ ಹೆಂಚುಗಳು ಎದುರುಬದುರಾಗಿ ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತವೆ.

ಹೆಂಚಿನ ದಿಕ್ಕನ್ನು ನೀವೂ ಪತ್ತೆಹಚ್ಚಬಹುದು. ಉದುರಿದ ಉದ್ದನೆಯ ಕೂದಲೊಂದನ್ನು ಹೆಬ್ಬೆರಳು, ತೋರುಬೆರಳ ನಡುವೆ ಉದ್ದಕ್ಕೆ ಹಿಡಿದು ಬೆರಳುಗಳನ್ನು ಹಿಂದೆ ಮುಂದೆ ಉಜ್ಜಿ. ಎಳೆ ಒಂದೇ ದಿಕ್ಕಿಗೆ ತೆವಳುತ್ತದೆ, ಮುಂದೆ ಹೋಗುವುದು ಬುಡದ ತುದಿ. ಆಮೇಲೆ ಅದನ್ನು ನೀರಿನಲ್ಲಿ ನೆನೆಸಿ, ಅಳತೆಪಟ್ಟಿಯ ಮೇಲೆ 10 ಸೆಂಟಿಮೀಟರಿನಷ್ಟನ್ನು ಹಿಡಿದು ಮೆಲ್ಲಗೆ ಎಳೆಯಿರಿ. ಒಳ್ಳೆಯ ಕೂದಲು 12 ಸೆಂಟಿಮೀಟರ್ ದಾಟಿ ಹಿಗ್ಗಿದರೂ ಬಿಟ್ಟಾಗ ಮತ್ತೆ ಕುಗ್ಗುತ್ತದೆ. ಬ್ಲೀಚ್ ಮಾಡಿದವರ ಬಾಚಣಿಗೆಯಿಂದ ಸಿಕ್ಕ ಎಳೆಯನ್ನೂ ಹಾಗೆಯೇ ಎಳೆದು ನೋಡಿ. ಅದು ಹಿಂದಿನ ಉದ್ದಕ್ಕೆ ಬಂತೇ, ಇಲ್ಲವೇ ತುಂಡಾಯಿತೇ ಎಂದು ಪುಸ್ತಕದಲ್ಲಿ ಬರೆದುಕೊಳ್ಳಿ.